ಸ್ಲೈಡೆಲ್ಲಾ ಗುಲಾಬಿ ಬಂದರೆ ಓದು ಬಿಡಬೇಕಾ?

ಕಳೆದ ಸಂಚಿಕೆಯಲ್ಲಿ ಬಂದ ಪತ್ರ: ‘ನಾನು ಮೆಡಿಕಲ್ ಮೈಕ್ರೋಬಯಾಲಜಿ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಥಿಯರಿಯಲ್ಲಿ ಪರವಾಗಿಲ್ಲ. ಪ್ರಾಕ್ಟಿಕಲ್ ಅಂದರೆ ಕೈ ನಡುಗುತ್ತದೆ. ಬ್ಯಾಕ್ಟೀರಿಯಾಗಳನ್ನು ನೇರಳೆ, ಗುಲಾಬಿ ಅಂತ ಬಣ್ಣದಿಂದ ಬೇರ್ಪಡಿಸುವ ಗ್ರಾಂ ಸ್ಟೇನ್ ಮಾಡಿದರೆ ಎಲ್ಲಾ ಗುಲಾಬಿ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಬಿಡಿ ಕಾಲೊನಿ (ಬೇರೆ ಬೇರೆಯಾಗಿ ಕಾಣುವ ಬೆಳವಣಿಗೆಯ ಚುಕ್ಕೆ) ಬರುವುದೇ ಇಲ್ಲ. ಬ್ಯಾಕ್ಟೀರಿಯಾಗಳ ಹೆಸರು ರಾತ್ರಿ ಬಾಯಿಪಾಠ ಮಾಡಿದರೆ ಬೆಳಗ್ಗೆ ಮರೆತಿರುತ್ತದೆ. ರೋಗ ಮನೆಗೆ ತರುತ್ತೀಯ ಅಂತ ಅಮ್ಮನಿಗೆ ಭಯ. ಡಾಕ್ಟರೂ ಅಲ್ಲ, ಮತ್ತೇನು ಓದುತ್ತೀಯ ಅಂತ ನೆಂಟರ ಕೊಂಕು. ಬಿಟ್ಟುಬಿಡಲಾ?’

ಓದುಗರು ಬರೆದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿ ನಗು ಬಂತು. ಬೇಜಾರಾಗಬೇಡಿ, ನಕ್ಕಿದ್ದು ನನ್ನ ಹಳೇ ಅವತಾರ ನೆನೆದು. ಮೂವತ್ತು ವರ್ಷ ಬ್ಯಾಕ್ಟೀರಿಯಾಲಜಿ ಬೆಂಚಿನ ಮುಂದೆ ಕೂತು ಈಗ ರಿಟೈರ್ ಆದವಳು ನಾನು. ಶುರುವಿನಲ್ಲಿ ನನ್ನ ಸ್ಲೈಡುಗಳೂ ಗುಲಾಬಿಯೇ.

‘ಎಲ್ಲಾ ಗುಲಾಬಿ’ ಅಂತ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಎಲ್ಲಾ ನೇರಳೆ ಅಂದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಮೊದಲು ಕ್ರಿಸ್ಟಲ್ ವೈಲೆಟ್ ಹಾಕುತ್ತೀರಿ, ಆಮೇಲೆ ಅಯೋಡಿನ್. ಎರಡೂ ಸೇರಿ ಬ್ಯಾಕ್ಟೀರಿಯಾದ ಒಳಗೆ ಗಟ್ಟಿಯಾಗಿ ಕೂರುತ್ತವೆ. ದಪ್ಪ ಗೋಡೆಯವು, ಅಂದರೆ ಗ್ರಾಂ ಪಾಸಿಟಿವ್, ಆ ನೇರಳೆ ಬಣ್ಣ ಬಿಟ್ಟುಕೊಡುವುದಿಲ್ಲ, ತೆಳು ಗೋಡೆಯವು ಬೇಗ ಬಿಟ್ಟುಬಿಡುತ್ತವೆ. ಆದರೆ ಬಣ್ಣ ತೆಗೆಯುವ ದ್ರವ ಜಾಸ್ತಿ ಹೊತ್ತು ಬಿದ್ದರೆ ದಪ್ಪ ಗೋಡೆಯವೂ ಸೋಲುತ್ತವೆ. ಕೊನೆಗೆ ಸಫ್ರಾನಿನ್ ಹಾಕಿದಾಗ ಎಲ್ಲರಿಗೂ ಒಂದೇ ಗುಲಾಬಿ.

ನಾಳೆ ಲ್ಯಾಬಿಗೆ ಹೋದಾಗ ಒಂದು ಕೆಲಸ ಮಾಡಿ. ಬಣ್ಣ ತೆಗೆಯುವ ಬಾಟಲಿಯ ಲೇಬಲ್ ಓದಿ. ಅದರಲ್ಲಿರುವುದು ಆಲ್ಕೋಹಾಲೋ ಅಸಿಟೋನೋ? ಶೇ. 95ರ ಆಲ್ಕೋಹಾಲ್ ಆದರೆ ಹತ್ತು, ಹದಿನೈದು ಸೆಕೆಂಡ್ ನಡೆಯುತ್ತದೆ. ಅಸಿಟೋನ್ ಆದರೆ ಎರಡು, ಮೂರು ಸೆಕೆಂಡಿಗೆ ಕೆಲಸ ಮುಗಿದಿರುತ್ತದೆ. ನಾನು ಪುಸ್ತಕದಲ್ಲಿ ಇದ್ದಂತೆ ನಿಷ್ಠೆಯಿಂದ ಹತ್ತರವರೆಗೆ ಎಣಿಸುತ್ತಿದ್ದೆ. ಬಾಟಲಿಯಲ್ಲಿ ಇದ್ದದ್ದು ಅಸಿಟೋನ್! ಮೂರು ವಾರ ಬೈಸಿಕೊಂಡೆ. ಯಾರೂ ಬಾಟಲಿ ನೋಡು ಅನ್ನಲಿಲ್ಲ, ನಾನೂ ನೋಡಲಿಲ್ಲ.

ಅದು ಸರಿಯಿದ್ದರೆ ಮುಂದಿನದು ನೋಡಿ. ಕಲ್ಚರ್, ಅಂದರೆ ಬೆಳೆಸಿದ ಬ್ಯಾಕ್ಟೀರಿಯಾ, ಎಷ್ಟು ಹಳೇದು? ಪ್ಲೇಟಿನಲ್ಲಿ ದಿನಗಟ್ಟಲೆ ಇದ್ದದ್ದಾದರೆ ಗ್ರಾಂ ಪಾಸಿಟಿವ್ ಜಾತಿಯೂ ಗುಲಾಬಿಯಾಗಿ ಮೋಸ ಮಾಡುತ್ತದೆ. 18ರಿಂದ 24 ಗಂಟೆಯದು ತೆಗೆದುಕೊಳ್ಳಿ. ಅಯೋಡಿನ್ ಬಣ್ಣ ತೆಳ್ಳಗಾಗಿದ್ದರೆ ಬದಲಾಯಿಸಲು ಹೇಳಿ. ಸ್ಮಿಯರ್ (ಸ್ಲೈಡಿಗೆ ಸವರಿದ ಪದರ) ಒಣಗುವ ಮೊದಲೇ ಜ್ವಾಲೆಗೆ ಹಿಡಿಯಬೇಡಿ, ಸುಟ್ಟೂ ಬಿಡಬೇಡಿ. ನನ್ನ ಸೀನಿಯರ್ ಒಬ್ಬರು ಜ್ವಾಲೆಯಿಂದ ತೆಗೆದ ಸ್ಲೈಡನ್ನು ನನ್ನ ಅಂಗೈಯ ಹಿಂಬದಿಗೆ ಮುಟ್ಟಿಸಿದರು. ‘ತಡೆಯೋಕಾಗುತ್ತಾ?’ ಅಂದರು. ಆಗಲಿಲ್ಲ. ‘ನಿನಗೇ ಆಗದಿದ್ದರೆ ಅದರ ಗೋಡೆ ಉಳಿಯುತ್ತಾ?’ ಆ ಉರಿ ಇವತ್ತಿಗೂ ನೆನಪಿದೆ.

ಇನ್ನು ಒಂದೇ ಸ್ಲೈಡಿನ ಎರಡು ತುದಿಯಲ್ಲಿ ಕಂಟ್ರೋಲ್ (ಯಾವ ಬಣ್ಣ ಬರಬೇಕು ಅಂತ ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ) ಹಾಕುವ ಅಭ್ಯಾಸ ಮಾಡಿಕೊಳ್ಳಿ. ಒಂದು ಕಡೆ ಸ್ಟ್ಯಾಫಿಲೋಕಾಕಸ್ ಆರಿಯಸ್, ಇನ್ನೊಂದು ಕಡೆ ಇ. ಕೋಲೈ. ಮೊದಲನೆಯದು ನೇರಳೆ, ಎರಡನೆಯದು ಗುಲಾಬಿ ಬರಲೇಬೇಕು. ಸ್ಟ್ಯಾಫ್ ಗುಲಾಬಿ ಬಂದರೆ ತಪ್ಪು ನಿಮ್ಮ ಸ್ಯಾಂಪಲ್ಲಿನದಲ್ಲ, ವಿಧಾನದ್ದು. ಆಗ ಅಳುತ್ತಾ ಕೂರುವ ಬದಲು ಎಲ್ಲಿ ತಪ್ಪಿತು ಅಂತ ಹುಡುಕಬಹುದು.

ಬಿಡಿ ಕಾಲೊನಿ ವಿಷಯಕ್ಕೆ ಬರೋಣ. ಲೂಪನ್ನು, ಅಂದರೆ ಬ್ಯಾಕ್ಟೀರಿಯಾ ಹಚ್ಚುವ ತಂತಿಯನ್ನು, ಕೆಂಪಾಗುವವರೆಗೆ ಕಾಯಿಸಿ, ತಣ್ಣಗಾಗಲು ಬಿಡುತ್ತೀರಾ? ಅಗಾರಿಗೆ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿಗೆ) ಮುಟ್ಟಿಸಿದಾಗ ‘ಚುಯ್’ ಅಂದರೆ ಬಿಡಲಿಲ್ಲ ಅಂತ ಅರ್ಥ. ಪ್ಲೇಟಿನ ಮೇಲೆ ಭಾಗ ಭಾಗವಾಗಿ ಹಚ್ಚುವಾಗ ಪ್ರತಿ ಭಾಗಕ್ಕೆ ಹೋಗುವ ಮೊದಲು ಲೂಪನ್ನು ಮತ್ತೆ ಕಾಯಿಸಬೇಕು. ಹಿಂದಿನ ಭಾಗದ ಅಂಚನ್ನು ಒಂದೆರಡು ಸಲ ಮಾತ್ರ ಸವರಿ ಮುಂದೆ ಎಳೆಯಬೇಕು. ಧೈರ್ಯ ಸಾಲದವರು ಹಳೇ ಭಾಗಕ್ಕೇ ಹತ್ತು ಸಲ ಹೋಗಿ ಬರುತ್ತಾರೆ, ಅದಕ್ಕೇ ಎಲ್ಲಾ ಕಡೆ ಒಂದೇ ಮುದ್ದೆ. ಪ್ಲೇಟಿನ ಮೇಲೆ ನೀರಿನ ಹನಿ ಇದ್ದರೂ ಕಾಲೊನಿಗಳು ಹರಡಿ ಒಂದಾಗುತ್ತವೆ. ಮೊದಲು ಪ್ಲೇಟನ್ನು ಒಣಗಿಸಿ, ಹದವಾಗಿ ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ತಲೆಕೆಳಗೆ ಇಡಿ.

ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನ ಪ್ರಕಟಿಸಿದಾಗ, ಇದರಲ್ಲಿ ಇನ್ನೂ ಕೊರತೆ ಇದೆ ಅಂತ ತಾನೇ ಒಪ್ಪಿಕೊಂಡಿದ್ದ. ನಿಮಗೇನು ನಾಚಿಕೆ?

– ನಿವೃತ್ತ ಲ್ಯಾಬ್ ಉದ್ಯೋಗಿ

ಎಲ್ಲರೂ ‘ಬಿಡಬೇಡಿ’ ಅನ್ನುತ್ತಾರೆ ಅಂತ ಗೊತ್ತು. ನಾನು ಬಿಟ್ಟವನು. ಎರಡನೇ ವರ್ಷ ಮುಗಿದ ಮೇಲೆ ಬಿಟ್ಟೆ, ಈಗ ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ. ಪಶ್ಚಾತ್ತಾಪ ಇಲ್ಲ.

ನನ್ನ ಸ್ಲೈಡುಗಳು ಚೆನ್ನಾಗಿಯೇ ಬರುತ್ತಿದ್ದವು, ನಂಬುತ್ತೀರಾ? ನನಗೆ ಆಗದೇ ಇದ್ದದ್ದು ಕಾಯುವುದು. ಇವತ್ತು ಹಚ್ಚು, ನಾಳೆ ನೋಡು. ನಾಳೆ ಬರಲಿಲ್ಲ, ನಾಡಿದ್ದು ನೋಡು. ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಸರಿ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಅದಕ್ಕೇ ಹದಿನೈದು, ಇಪ್ಪತ್ತು ಗಂಟೆ ಬೇಕು. ಗಟ್ಟಿ ಮಾಧ್ಯಮದಲ್ಲಿ ಕಾಲೊನಿ ಕಾಣಲು ವಾರಗಟ್ಟಲೆ. ನನ್ನ ಸ್ವಭಾವಕ್ಕೆ ಅದು ಒಗ್ಗಲಿಲ್ಲ.

ನಿಮಗೆ ಒಂದೇ ಪ್ರಶ್ನೆ. ಬೆಳಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆಯುವಾಗ ‘ಏನು ಬಂದಿರಬಹುದು’ ಅಂತ ಒಳಗೆ ಕುತೂಹಲ ಆಗುತ್ತದಾ? ಆಗುತ್ತದೆ ಅಂದರೆ ಉಳಿಯಿರಿ. ಪ್ಲೇಟ್ ಕೆಟ್ಟಿದ್ದರೂ ಪರವಾಗಿಲ್ಲ. ಆಗುವುದಿಲ್ಲ ಅಂದರೆ ಅಂಕ ಎಷ್ಟೇ ಬರಲಿ, ಬೇರೆ ದಾರಿ ನೋಡಿ. ನೆಂಟರ ಮಾತಿಗೆ ಮಾತ್ರ ಬಿಡಬೇಡಿ. ಅವರು ಮುಂದಿನ ಕೋರ್ಸಿಗೂ ಏನಾದರೂ ಅನ್ನುತ್ತಾರೆ.

– ದಾರಿ ಬದಲಿಸಿದವನು

ಹೆಸರು ಮರೆಯುತ್ತದೆ ಅನ್ನುವುದಕ್ಕಷ್ಟೇ ನನ್ನ ಉತ್ತರ. ಈ ವಿಷಯವನ್ನು ಬಹಳ ವರ್ಷದಿಂದ ಕಲಿಸುತ್ತಿದ್ದೇನೆ.

ಪಟ್ಟಿ ಮಾಡಿ ಕಲಿತರೆ ಯಾರಿಗೂ ನೆನಪಿರುವುದಿಲ್ಲ, ನನಗೂ ಇಲ್ಲ. ಸ್ಯಾಂಪಲ್ಲಿನಿಂದ ಶುರುಮಾಡಿ. ಮೂತ್ರ ಬಂದಿದೆ ಅಂದುಕೊಳ್ಳಿ. ರೋಗಿಗೆ ಜ್ವರ, ಉರಿ. ಮ್ಯಾಕಾಂಕಿ ಅಗಾರಿನ ಮೇಲೆ ಹಚ್ಚಿದಿರಿ. ಮರುದಿನ ಗುಲಾಬಿ ಕಾಲೊನಿ ಇದೆ, ಅಂದರೆ ಲ್ಯಾಕ್ಟೋಸ್ ತಿಂದು ಆಮ್ಲ ಮಾಡಿದೆ. ಚಪ್ಪಟೆ, ಒಣಗಿದಂತಿದೆಯಾ? ಇ. ಕೋಲೈ ಇರಬಹುದು. ಉಬ್ಬಿಕೊಂಡು ಲೋಳೆಯಾಗಿ, ಲೂಪಿಗೆ ಎಳೆ ಎಳೆಯಾಗಿ ಬರುತ್ತದಾ? ಕ್ಲೆಬ್ಸಿಯೆಲ್ಲಾ ಕಡೆ ಅನುಮಾನ. ಬಣ್ಣವೇ ಇಲ್ಲ, ಆದರೆ ಬ್ಲಡ್ ಅಗಾರಿನ ಮೇಲೆ ಅಲೆ ಅಲೆಯಾಗಿ ಇಡೀ ಪ್ಲೇಟ್ ಆವರಿಸಿದೆಯಾ? ಅದು ಪ್ರೋಟಿಯಸ್. ಒಮ್ಮೆ ಅದನ್ನು ಕಣ್ಣಾರೆ ನೋಡಿದವರು ಅದರ ಹೆಸರು ಮರೆತದ್ದು ನಾನು ಕಂಡಿಲ್ಲ. ಹೀಗೆ ಗಂಟಲು, ಗಾಯ, ರಕ್ತ, ಮಲ, ಬೆನ್ನುಹುರಿಯ ದ್ರವ ಅಂತ ಒಂದೊಂದಕ್ಕೆ ಒಂದೊಂದು ಹಾಳೆ ಮಾಡಿ. ಹಾಳೆಯ ಒಂದು ಮೂಲೆಯಲ್ಲಿ, ಅಲ್ಲಿ ಸಹಜವಾಗಿಯೇ ಇರುವವು ಯಾವುವು ಅಂತಲೂ ಬರೆಯಿರಿ. ಚರ್ಮದ ಮೇಲೆ ಸದಾ ಇರುವ ಸ್ಟ್ಯಾಫ್ ರಕ್ತದ ಬಾಟಲಿಯಲ್ಲಿ ಬೆಳೆದರೆ, ಅದು ರೋಗವೋ ಸೂಜಿಯ ಜೊತೆ ಬಂದದ್ದೋ ಅಂತ ಯೋಚಿಸಬೇಕಾಗುತ್ತದೆ. ಈ ಯೋಚನೆಯೇ ನಿಜವಾದ ಪಾಠ, ಹೆಸರಲ್ಲ.

ಅಷ್ಟಕ್ಕೂ ಹೆಸರುಗಳೇ ಒಂದು ಕಡೆ ನಿಲ್ಲುವುದಿಲ್ಲ. ನಾವು ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅಂತ ಕಲಿತದ್ದು 2016ರಲ್ಲಿ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್ ಆಯಿತು. ಬಾಯಿ ತಿರುಗಲು ನನಗೇ ಒಂದು ವಾರ ಹಿಡಿಯಿತು.

ಹಿಂದಿನ ಪತ್ರದವರು ಕಾಯಲು ಆಗದೆ ಬಿಟ್ಟೆ ಅಂತ ಬರೆದದ್ದನ್ನು ಸಂಪಾದಕರು ತೋರಿಸಿದರು. ಅವರ ಪ್ರಾಮಾಣಿಕತೆ ಹಿಡಿಸಿತು. ಆದರೆ ಕಾಯುವುದರ ಬಗ್ಗೆ ನನ್ನದೊಂದು ತಕರಾರು ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ವೈದ್ಯರು ಹೊಟ್ಟೆಯ ಒಳಪದರದಲ್ಲಿ ಕಾಣುತ್ತಿದ್ದ ಸುರುಳಿ ಬ್ಯಾಕ್ಟೀರಿಯಾವನ್ನು ಬೆಳೆಸಲು ಒದ್ದಾಡುತ್ತಿದ್ದರು. ಎರಡು ದಿನದಲ್ಲಿ ಏನೂ ಕಾಣದಿದ್ದರೆ ಪ್ಲೇಟುಗಳು ಕಸಕ್ಕೆ ಹೋಗುತ್ತಿದ್ದವು. 1982ರಲ್ಲಿ ಈಸ್ಟರ್ ರಜೆ ಬಂದು ಪ್ಲೇಟುಗಳು ಇನ್‌ಕ್ಯುಬೇಟರಿನಲ್ಲೇ ಐದಾರು ದಿನ ಉಳಿದುಬಿಟ್ಟವು. ಬಂದು ನೋಡಿದರೆ ಕಾಲೊನಿಗಳು! ಅದೇ ಇವತ್ತಿನ ಹೆಲಿಕೋಬ್ಯಾಕ್ಟರ್ ಪೈಲೋರಿ. ಹೊಟ್ಟೆ ಹುಣ್ಣಿಗೆ ಆಂಟಿಬಯಾಟಿಕ್ ಕೊಡುವ ಕಾಲ ಬಂದದ್ದು ಅದರಿಂದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕಥೆ ಹೇಳಿದ ಮೇಲೆ ನನ್ನ ವಿದ್ಯಾರ್ಥಿಯೊಬ್ಬ ಒಂದು ತಿಂಗಳು ಯಾವ ಪ್ಲೇಟನ್ನೂ ಎಸೆಯಲೇ ಇಲ್ಲ. ಲ್ಯಾಬ್ ನಾರಿತು. ಅಷ್ಟೂ ಬೇಡ.

– ಒಬ್ಬ ಮೇಷ್ಟ್ರು

ಮಗಳೇ, ನಾನು ನಿನ್ನ ಅಮ್ಮನಂಥವಳು. ನನ್ನ ಮಗಳೂ ಇದನ್ನೇ ಓದಿದಳು. ಅವಳು ಸಂಜೆ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ‘ಮೊದಲು ಸ್ನಾನ’ ಅಂತ ಕೂಗುತ್ತಿದ್ದೆ. ಅವಳ ಚೀಲ ಮುಟ್ಟುತ್ತಿರಲಿಲ್ಲ. ಒಂದು ದಿನ ಅವಳಿಗೆ ಸಿಟ್ಟು ಬಂದು ನನ್ನನ್ನು ಕೂರಿಸಿಕೊಂಡು ಎಲ್ಲಾ ಹೇಳಿದಳು. ಏಪ್ರನ್ ಲ್ಯಾಬಿನಲ್ಲೇ ಬಿಟ್ಟು ಬರುತ್ತಾರಂತೆ. ಬಾಯಲ್ಲಿ ಪಿಪೆಟ್ ಹೀರುವುದು ಈಗ ಇಲ್ಲವೇ ಇಲ್ಲವಂತೆ. ಕೆಲಸ ಮುಗಿದ ಪ್ಲೇಟುಗಳಲ್ಲಿನ ಬ್ಯಾಕ್ಟೀರಿಯಾ ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆಯಲ್ಲಿ) 121 ಡಿಗ್ರಿಯಲ್ಲಿ ಸತ್ತ ಮೇಲೇ ಪ್ಲೇಟುಗಳು ಹೊರಗೆ ಹೋಗುತ್ತವಂತೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದಾಳೆ. ಕ್ಷಯದಂಥ ಅಪಾಯದ ಕಲ್ಚರುಗಳನ್ನು ಪದವಿಯ ಮಕ್ಕಳ ಕೈಗೆ ಕೊಡುವುದಿಲ್ಲ, ಅದಕ್ಕೆ ಬೇರೆಯೇ ಕೋಣೆ, ಬೇರೆ ಕಟ್ಟುಪಾಡು.

‘ಅಮ್ಮ, ನನಗೆ ಅಲ್ಲಿ ಏನಿದೆ ಅಂತ ಗೊತ್ತು, ಅದಕ್ಕೇ ಜಾಗ್ರತೆ. ನಿನ್ನ ಫೋನಿನ ಮೇಲೆ ಏನಿದೆ ಗೊತ್ತಾ?’ ಅಂದಳು. ಈಗ ನಾನು ಕೈ ತೊಳೆಯದೆ ಏನಾದರೂ ಮುಟ್ಟಿದರೆ ಅವಳೇ ಕೂಗುತ್ತಾಳೆ. ನಿನ್ನ ಅಮ್ಮನನ್ನೂ ಒಂದು ದಿನ ಕೂರಿಸಿಕೊಂಡು ಹೇಳು. ಸಿಟ್ಟು ಬರುವವರೆಗೆ ಕಾಯಬೇಡ.

– ಒಬ್ಬ ತಾಯಿ

‘ಡಾಕ್ಟರೂ ಅಲ್ಲ’ ಅನ್ನುವ ಮಾತು ಚುಚ್ಚುತ್ತದೆ ಅಲ್ವಾ? ಮೊದಲು ಅದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಒಪ್ಪಿಕೊಳ್ಳಿ. ಈ ಪದವಿಯಿಂದ ರೋಗಿಗೆ ಔಷಧ ಬರೆದುಕೊಡಲು ಆಗುವುದಿಲ್ಲ. ಆ ಆಸೆ ಮನಸ್ಸಿನ ಮೂಲೆಯಲ್ಲಿದ್ದರೆ ಈಗಲೇ ಬಗೆಹರಿಸಿಕೊಳ್ಳಿ. ಇದು ಆ ದಾರಿಯ ಅಡ್ಡಹಾದಿ ಅಲ್ಲ.

ನಾನು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ನರ್ಸ್. ವಾರ್ಡಿನ ಕಡೆಯಿಂದ ಹೇಳುತ್ತೇನೆ. ಜ್ವರ ಇಳಿಯದ ರೋಗಿಗೆ ಡಾಕ್ಟರು ಅಂದಾಜಿನ ಮೇಲೆ ಒಂದು ಆಂಟಿಬಯಾಟಿಕ್ ಶುರುಮಾಡಿರುತ್ತಾರೆ. ನಮ್ಮ ಕಣ್ಣೆಲ್ಲಾ ಲ್ಯಾಬಿನ ರಿಪೋರ್ಟಿನ ಮೇಲೆ. ಅಲ್ಲಿ ಯಾರೋ ಒಬ್ಬರು ರೋಗಿಯಿಂದ ಬಂದ ಬ್ಯಾಕ್ಟೀರಿಯಾ ಹಚ್ಚಿದ ಮ್ಯೂಲರ್ ಹಿಂಟನ್ ಅಗಾರಿನ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು, ರಾತ್ರಿ ಕಳೆದ ಮೇಲೆ ಸುತ್ತ ಏನೂ ಬೆಳೆಯದ ಖಾಲಿ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಿರುತ್ತಾರೆ. ಆ ಅಳತೆ ಫೋನಿನಲ್ಲಿ ಬಂದ ಮೇಲೆ ಔಷಧ ಬದಲಾಗುತ್ತದೆ. ಒಂದು ಸಲ ಒಂದೇ ವಾರ್ಡಿನ ಮೂವರಲ್ಲಿ ಒಂದೇ ಬಗೆಯ ಬ್ಯಾಕ್ಟೀರಿಯಾ, ಒಂದೇ ಔಷಧಗಳಿಗೆ ಬಗ್ಗದ್ದು, ಬಂದಿತ್ತು. ಇದು ಕಾಕತಾಳೀಯ ಅಲ್ಲ ಅಂತ ಮೊದಲು ಫೋನ್ ಮಾಡಿದ್ದು ಲ್ಯಾಬಿನ ಹುಡುಗಿ. ಹುಡುಕಿದಾಗ ಒಂದು ಸಿಂಕಿನಲ್ಲಿ ಸಿಕ್ಕಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜಿದೆ. ನೆಂಟರಿಗೆ ಈ ಅಂಕಿ ಹೇಳಬೇಡಿ, ಸುಮ್ನೆ ವಾದ ಬೆಳೆಯುತ್ತದೆ. ನಿಮಗೆ ಗೊತ್ತಿದ್ದರೆ ಸಾಕು.

ಒಂದು ಎಚ್ಚರಿಕೆ. ಪದವಿ ಸಿಕ್ಕ ಮಾತ್ರಕ್ಕೆ ಎಲ್ಲಾ ಕಡೆ ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟಿಗೆ ಸಹಿ ಹಾಕಲು ಬಿಡುವುದಿಲ್ಲ. ಕೆಲವು ಕಡೆ ಬೇರೆ ನೋಂದಣಿ ಬೇಕು, ಕೆಲವು ಕಡೆ ಹೆಚ್ಚಿನ ಓದು ಬೇಕು. ನಿಮ್ಮ ಕೋರ್ಸಿಗೆ ಆ ಮಾನ್ಯತೆ ಇದೆಯಾ ಅಂತ ಕಾಲೇಜಿನವರ ಬಾಯಿಮಾತು ನಂಬದೆ, ನೋಂದಣಿ ಮಾಡುವ ಮಂಡಳಿಯನ್ನೇ ಕೇಳಿ.

– ವಾರ್ಡಿನಿಂದ ಒಬ್ಬರು

ಮಾನ್ಯತೆಯ ಮಾತು ನೂರಕ್ಕೆ ನೂರು ನಿಜ. ನಾನು ಕೇಳದೇ ಸೇರಿದೆ, ಕೊನೇ ವರ್ಷದಲ್ಲಿ ಗೊತ್ತಾಯಿತು. ಆಸ್ಪತ್ರೆ ಲ್ಯಾಬಿನ ಬದಲು ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗಕ್ಕೆ ಬಂದೆ. ಚುಚ್ಚುಮದ್ದಿನ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ ಅಂತ ಖಚಿತಪಡಿಸುವುದೇ ನನ್ನ ಕೆಲಸ. ಹದಿನಾಲ್ಕು ದಿನ ಕಾದು ‘ಏನೂ ಇಲ್ಲ’ ಅಂತ ಬರೆಯುತ್ತೇನೆ. ಖುಷಿಯಾಗಿದ್ದೇನೆ, ಆದರೆ ಇದು ನಾನು ಆರಿಸಿಕೊಂಡದ್ದಲ್ಲ.

– ಗುಣಮಟ್ಟ ವಿಭಾಗದವನು

ನಾನೂ ಎರಡನೇ ವರ್ಷ. ನಿಮ್ಮ ಪತ್ರ ಓದಿ ನಾನೇ ಬರೆದೆನಾ ಅನ್ನಿಸಿತು. ನನ್ನದು ಉಲ್ಟಾ, ಎಲ್ಲಾ ನೇರಳೆ ಬರುತ್ತದೆ. ಸ್ಮಿಯರ್ ದಪ್ಪ ಆಗುತ್ತಿದೆ ಅಂತ ಈಗಷ್ಟೇ ಗೊತ್ತಾಗಿದೆ. ಸ್ಲೈಡಿನ ಕೆಳಗೆ ಅಚ್ಚಾದ ಹಾಳೆ ಇಟ್ಟು, ಸ್ಮಿಯರಿನ ಮೂಲಕ ಅಕ್ಷರ ಓದಲು ಬಂದರೆ ಮಾತ್ರ ಮುಂದೆ ಹೋಗು ಅಂತ ಸೀನಿಯರ್ ಹೇಳಿಕೊಟ್ಟರು. ನಿನ್ನೆ ಮೊದಲ ಸಲ ಒಂದು ಮೂಲೆಯಲ್ಲಿ ಗುಲಾಬಿ ಕಡ್ಡಿಗಳು ಕಂಡವು. ಪಕ್ಕದವಳನ್ನು ಕರೆದು ತೋರಿಸುವಷ್ಟರಲ್ಲಿ ಸ್ಲೈಡ್ ಜರುಗಿ ಆ ಜಾಗ ಮತ್ತೆ ಸಿಗಲೇ ಇಲ್ಲ.

ನಿಮ್ಮ ಬಾಟಲಿಯಲ್ಲಿ ಅಸಿಟೋನ್ ಇತ್ತಾ? ಬರೆಯಿರಿ.

– ಇನ್ನೊಬ್ಬ ವಿದ್ಯಾರ್ಥಿನಿ