ಹಲ್ಲಿನ ಇಂಜೆಕ್ಷನ್ ನರ ಸಾಯಿಸುತ್ತದಂತೆ: ನಮ್ಮ ಮನೆ ಗುಂಪಿನ ಒಂದು ಸಂಜೆ

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಹಲ್ಲು ಕೀಳುವ ಮುನ್ನ ಕೊಡುವ ಇಂಜೆಕ್ಷನ್ ನರದ ಸೋಡಿಯಂ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚುತ್ತದೆ. ನರ ಸಾಯುತ್ತದೆ. ಮುಂದೆ ಮರೆವಿನ ಕಾಯಿಲೆ ಖಂಡಿತ. ನಿಮ್ಮವರಿಗೆಲ್ಲ ಕಳಿಸಿ.

ಅತ್ತೆ: ಅಯ್ಯೋ, ನಾಳೆ ಬೆಳಗ್ಗೆ ನನ್ನ ದವಡೆ ಹಲ್ಲು ಕೀಳಿಸೋದಿದೆ. ಫೋನ್ ಮಾಡಿ ಬೇಡ ಅಂದುಬಿಡ್ಲಾ?

ಅಣ್ಣ: ಬರೆದವರು ಯಾರು ದೊಡ್ಡಪ್ಪ? ಹೆಸರಿಲ್ಲ, ತಾರೀಖಿಲ್ಲ. ಆಧಾರ ಏನು?

ದೊಡ್ಡಪ್ಪ: ನಿನಗೆ ಎಲ್ಲಕ್ಕೂ ಆಧಾರ ಬೇಕು. ಹಿರಿಯರು ಹೇಳೋದು ಒಳ್ಳೇದಕ್ಕೇ. ಈಗಿನವರಿಗೆ ಒಂಚೂರು ನೋವು ತಡೆಯೋ ಶಕ್ತಿಯೂ ಇಲ್ಲ.

ಅಣ್ಣ: ಅಜ್ಜಿ ಬಿ.ಪಿ. ಮಾತ್ರೆ ಬಿಟ್ಟಿದ್ದೂ ಇಂಥದ್ದೇ ಒಂದು ಮೆಸೇಜ್ ನೋಡಿ.

ದೊಡ್ಡಪ್ಪ: ಆ ಮಾತು ಈಗ್ಯಾಕೆ? ಆಸ್ಪತ್ರೇಲಿ ಮೂರು ರಾತ್ರಿ ಅಮ್ಮನ ಹತ್ರ ಕೂತಿದ್ದು ಯಾರು?

ಚಿಕ್ಕು: ಹಲ್ಲು ಅಂದ್ರೆ ನನಗೆ ಅಜ್ಜೀನೇ ನೆನಪು. ಅಲ್ಲಾಡೋ ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ, ಕಥೆ ಹೇಳ್ತಾ ಹೇಳ್ತಾ ಬಾಗಿಲು ಎಳೆದುಬಿಟ್ಟರು!

ಅಣ್ಣ: ಚಿಕ್ಕು, ಆಮೇಲೆ.

ನಾನು: ಅತ್ತೆ, ಫೋನ್ ಮಾಡಬೇಡಿ. ಮೊದಲು ಇದನ್ನ ಓದಿ. ಆ ಮೆಸೇಜಲ್ಲಿ ಅರ್ಧ ನಿಜ ಇದೆ, ಅದಕ್ಕೇ ನನಗೆ ಭಯ. ನರದ ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳಿವೆ, ಮೆಸೇಜಲ್ಲಿ ಬಾಗಿಲು ಅಂದಿದ್ದು ಇದನ್ನೇ. ಸುಮ್ಮನಿದ್ದಾಗ ನರದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್. ಚಾನೆಲ್ ತೆರೆದರೆ ಸೋಡಿಯಂ ಒಳನುಗ್ಗಿ ಅದು ಪ್ಲಸ್ ಕಡೆಗೆ ಏರುತ್ತೆ. ಆ ಏರಿಕೆಯೇ ಪಕ್ಕದ ಚಾನೆಲ್ ತೆರೆಸುತ್ತೆ. ನೋವಿನ ಸುದ್ದಿ ಮಿದುಳು ಮುಟ್ಟೋದು ಹೀಗೆ. ಇಂಜೆಕ್ಷನ್‌ನಲ್ಲಿರೋ ಮರಗಟ್ಟಿಸೋ ಔಷಧಿ ಲಿಡೊಕೇಯ್ನ್ ಪೊರೆ ದಾಟಿ ಒಳಗಿನಿಂದ ಬಂದು ಚಾನೆಲ್‌ಗೆ ಅಡ್ಡ ಕೂರುತ್ತೆ, ಸುದ್ದಿ ಅಲ್ಲೇ ನಿಲ್ಲುತ್ತೆ. ಆದರೆ ಅದು ಅಲ್ಲಿ ಅಂಟಿಕೊಂಡಿರಲ್ಲ. ರಕ್ತ ಅದನ್ನ ಒಯ್ಯುತ್ತೆ, ಯಕೃತ್ತು ಒಡೆದುಹಾಕುತ್ತೆ, ಕೆಲವು ಗಂಟೇಲಿ ಚಾನೆಲ್ ಮೊದಲಿನ ಹಾಗೆ. ಸೂಜಿ ತಾಗಿ ನರಕ್ಕೆ ಪೆಟ್ಟಾಗೋದು ಅಪರೂಪಕ್ಕೆ ಉಂಟು, ಮುಚ್ಚಿಡಲ್ಲ. ಮರೆವಿನ ಕಾಯಿಲೆ ಬರುತ್ತೆ ಅನ್ನೋದಕ್ಕೆ ಮಾತ್ರ ಆಧಾರವಿಲ್ಲ.

ಅಣ್ಣ: ನಿನ್ನ ಮಾತಿಗೂ ಆಧಾರ ಹೇಳು. ನ್ಯಾಯ ಎಲ್ಲರಿಗೂ ಒಂದೇ.

ನಾನು: ಹೇಳ್ತೀನಿ. ನರದ ಈ ಲೆಕ್ಕಾಚಾರವನ್ನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದರು, ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ಮಾಡಿ. 1963ರಲ್ಲಿ ನೊಬೆಲ್ ಬಂತು. ಒಂದೇ ಒಂದು ಚಾನೆಲ್ ತೆರೆದು ಮುಚ್ಚೋದನ್ನ ಅಳೆದು ತೋರಿಸಿದ ನೇಯರ್ ಮತ್ತು ಸಾಕ್‌ಮನ್‌ಗೆ 1991ರಲ್ಲಿ.

ಅತ್ತೆ: ಇಷ್ಟೆಲ್ಲ ನನಗೆ ತಲೆಗೆ ಹೋಗಲ್ಲ ಕಣೇ. ಹೋದ ಸಲ ಇಂಜೆಕ್ಷನ್ ಕೊಟ್ಟ ತಕ್ಷಣ ಎದೆ ಢವಢವ ಅಂತು. ಅದೇನು?

ನಾನು: ಔಷಧಿ ಬೇಗ ಕೊಚ್ಚಿಹೋಗಬಾರದು ಅಂತ ಅದರಲ್ಲಿ ಬಹಳ ಸಲ ಅಡ್ರಿನಲಿನ್ ಬೆರೆಸಿರ್ತಾರೆ. ಅದು ರಕ್ತನಾಳದ ಸ್ನಾಯುವಿನಲ್ಲಿ ಒಂದು ರಿಸೆಪ್ಟರ್ (ಅಂದ್ರೆ ಸಂದೇಶ ಹಿಡಿಯೋ ಅಣು) ಮುಟ್ಟಿದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿ ನಾಳ ಬಿಗಿಯುತ್ತೆ. ಹೃದಯದಲ್ಲಿರೋದು ಬೇರೆ ರಿಸೆಪ್ಟರ್, ಅದನ್ನ ಮುಟ್ಟಿದರೆ ಬಡಿತ ಜೋರಾಗುತ್ತೆ. ಭಯಕ್ಕೂ ಹಾಗಾಗಬಹುದು. ಯಾವುದೇ ಇರಲಿ, ಹೋದ ಸಲ ಆಗಿದ್ದನ್ನೂ ನೀವು ತಗೊಳ್ಳೋ ಮಾತ್ರೆಗಳನ್ನೂ ಡಾಕ್ಟರಿಗೆ ಮೊದಲೇ ಹೇಳಿ. ಇನ್ನೊಂದು, ಹಲ್ಲು ಎಳೆಯೋವಾಗ ಒತ್ತಡ ಗೊತ್ತಾಗುತ್ತೆ, ಗಾಬರಿಯಾಗಬೇಡಿ. ನೋವಿನ ಸಣ್ಣ ತಂತುಗಳು ಬೇಗ ಸುಮ್ಮನಾಗುತ್ತವೆ, ಒತ್ತಡ ತಿಳಿಸೋ ದಪ್ಪ ತಂತುಗಳು ಅಷ್ಟು ಸುಲಭಕ್ಕೆ ಸುಮ್ಮನಾಗಲ್ಲ.

ದೊಡ್ಡಪ್ಪ: ಬರೀ ಪುಸ್ತಕದ ಮಾತು. ನನಗೆ ಎರಡು ಇಂಜೆಕ್ಷನ್ ಕೊಟ್ಟರೂ ಜೀವ ಹೋಗೋ ನೋವು. ಕೀವು ತುಂಬಿದ್ದ ಹಲ್ಲು. ನಾನು ಕೂಗಿಕೊಂಡಾಗ ನಾಟಕ ಅಂದರು, ಡಾಕ್ಟರೂ, ಹೊರಗೆ ಕೂತಿದ್ದ ನಿಮ್ಮಪ್ಪನೂ.

ಅಪ್ಪ: ಮೂವತ್ತು ವರ್ಷದ ಹಿಂದಿನದ್ದು ಈಗ್ಯಾಕೆ ಅಣ್ಣಾ.

ಚಿಕ್ಕು: ಆ ದಾರ ಕೆಂಪು ಬಣ್ಣದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು: ದೊಡ್ಡಪ್ಪ, ಅದು ನಾಟಕ ಅಲ್ಲ. ಕೀವಾದ ಕಡೆ ಆಮ್ಲದ ಅಂಶ ಹೆಚ್ಚಿರುತ್ತೆ. ಅಲ್ಲಿ ಲಿಡೊಕೇಯ್ನ್‌ನ ಬಹುಪಾಲು ವಿದ್ಯುತ್ ಅಂಶ ಹೊತ್ತ ರೂಪಕ್ಕೆ ಹೋಗುತ್ತೆ, ಆ ರೂಪದಲ್ಲಿ ಅದು ನರದ ಪೊರೆ ದಾಟಲಾರದು. ಒಳಗೇ ಹೋಗದಿದ್ದರೆ ಚಾನೆಲ್ ಮುಚ್ಚೋದು ಹೇಗೆ? ಮೇಲಿಂದ ಉರಿಯೂತದಲ್ಲಿ ಸುರಿಯೋ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ನೋವಿನ ನರದ ಚಾನೆಲ್‌ಗಳನ್ನ ಸಣ್ಣದಕ್ಕೂ ತೆರೆಯೋ ಹಾಗೆ ಮಾಡಿರುತ್ತೆ. ನಿಮಗೆ ನಿಜಕ್ಕೂ ನೋವಾಗಿತ್ತು. ನಿಮ್ಮ ಮಾತು ನಂಬಬೇಕಿತ್ತು.

ಅತ್ತೆ: ನನ್ನ ಹಲ್ಲಲ್ಲಿ ಕೀವಿಲ್ಲ ಅಂದಿದ್ದಾರೆ. ಹಾಗಾದ್ರೆ ಹೋಗ್ತೀನಿ. ಮಾತ್ರೆ ಚೀಟಿ ಎಲ್ಲಿಟ್ಟೆನೋ.

ಅಣ್ಣ: ದೊಡ್ಡಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡ್ತೀರಾ?

ದೊಡ್ಡಪ್ಪ: ನೀನು ಸುಮ್ಮನಿರು. ಪುಟ್ಟೀ, ಆ ಕೀವಿಂದು ಬರೆದೆಯಲ್ಲ, ಅದಷ್ಟನ್ನೇ ಬೇರೆ ಮಾಡಿ ಕಳಿಸು. ನಿಮ್ಮಪ್ಪನಿಗೂ ಹಾಕು.