‘ಪರಿವರ್ತನೆ’ ಎಂಬ ಒಂದೇ ಪದ ಸಾಕೇ? ಧ್ವನಿ ಮತ್ತು ವಿಡಿಯೊ ಕಡತಗಳ ಕುರಿತು

ಮಾನ್ಯರೇ,

ಮನೆಯ ಕಂಪ್ಯೂಟರಿನಲ್ಲಿ ಧ್ವನಿ ಮತ್ತು ವಿಡಿಯೊ ಕಡತಗಳನ್ನು ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಬದಲಿಸುವ ಕ್ರಮವನ್ನು ವಿವರಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳನ್ನೋ ಮದುವೆಯ ಡಿವಿಡಿಗಳನ್ನೋ ಉಳಿಸಿಕೊಳ್ಳಬಯಸುವ, ತಾಂತ್ರಿಕ ಹಿನ್ನೆಲೆಯಿಲ್ಲದ ಓದುಗರು ನನ್ನ ಕಣ್ಣ ಮುಂದಿದ್ದಾರೆ. ಮಾತಿನಲ್ಲಿ ಎಲ್ಲರೂ ‘ಕನ್ವರ್ಟ್ ಮಾಡು’ ಎನ್ನುತ್ತಾರೆ. ಬರಹದಲ್ಲಿ ‘ಪರಿವರ್ತಿಸು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಆದರೆ ಫಲದಲ್ಲಿ ಅಜಗಜಾಂತರವಿರುವ ಎರಡು ಕೆಲಸಗಳಿಗೆ ಈ ಒಂದೇ ಪದ ಸಲ್ಲುತ್ತಿರುವುದು ನನ್ನನ್ನು ಕಾಡುತ್ತಿದೆ.

ಎಂಕೆವಿ, ಎಂಪಿ4, ಎವಿಐ ಮುಂತಾದವು ಚಿತ್ರ, ಧ್ವನಿ, ಕೆಲವೊಮ್ಮೆ ಉಪಶೀರ್ಷಿಕೆಗಳನ್ನೂ ಒಟ್ಟಿಗೆ ಹಿಡಿದಿಡುವ ಹೊರಕವಚಗಳು. ಒಳಗಿನ ಚಿತ್ರವನ್ನು ಎಚ್.264 ಕ್ರಮದಲ್ಲಿಯೂ ಧ್ವನಿಯನ್ನು ಎಎಸಿ ಕ್ರಮದಲ್ಲಿಯೂ ಬರೆದಿಟ್ಟಿದ್ದರೆ, ಅವೆರಡನ್ನೂ ಇದ್ದ ಹಾಗೆಯೇ ಎಂಕೆವಿಯಿಂದ ತೆಗೆದು ಎಂಪಿ4ರೊಳಗೆ ಇಡಬಹುದು. ಇದು ಮೊದಲನೆಯ ಕೆಲಸ. ಫ್ಯಾಬ್ರಿಸ್ ಬೆಲ್ಲಾರ್ 2000ರಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಇದಕ್ಕೆ ‘ಕಾಪಿ’ ಎಂಬ ಆಯ್ಕೆಯೇ ಇದೆ. ಎರಡು ಗಂಟೆಯ ವಿಡಿಯೊ ಕೂಡ ಬಹುಬೇಗ ಸಿದ್ಧವಾಗುತ್ತದೆ, ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ.

ಎರಡನೆಯ ಕೆಲಸದಲ್ಲಿ ಒಳಗಿನ ದತ್ತಾಂಶವನ್ನೇ ಬಿಚ್ಚಿ, ಮತ್ತೊಂದು ಕ್ರಮದಲ್ಲಿ ಹೊಸದಾಗಿ ಬರೆಯಲಾಗುತ್ತದೆ. ಒಂದು ಗಂಟೆಯ ತಾಳಮದ್ದಳೆಯನ್ನು ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್), 16 ಬಿಟ್, ಎರಡು ಚಾನೆಲ್‌ಗಳ ಲೆಕ್ಕದಲ್ಲಿ, ಕುಗ್ಗಿಸದ ಡಬ್ಲ್ಯುಎವಿ ಆಗಿ ಉಳಿಸಿದರೆ ಕಡತದ ಗಾತ್ರ ಸುಮಾರು 635 ಎಂಬಿ ಆಗುತ್ತದೆ. ಅದನ್ನೇ 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ ಸುಮಾರು 58 ಎಂಬಿಗೆ ಇಳಿಯುತ್ತದೆ. ಕಿವಿಗೆ ಅಷ್ಟಾಗಿ ಕೇಳಿಸದು ಎಂದು ಎಣಿಸಿದ ಅಂಶಗಳನ್ನು ಕೈಬಿಟ್ಟು ಈ ಉಳಿತಾಯವನ್ನು ಸಾಧಿಸಲಾಗಿರುತ್ತದೆ. ಅರ್ಥಧಾರಿಯ ಮಾತು ಇದನ್ನು ತಾಳಿಕೊಳ್ಳುತ್ತದೆ. ಚೆಂಡೆಯ ಬಿಡಿಪೆಟ್ಟಿನಂಥ ಹರಿತವಾದ ನಾದ ಮಾತ್ರ ಮೊದಲು ಕೆಡುತ್ತದೆ, ಪೆಟ್ಟು ಬೀಳುವ ಕ್ಷಣಕ್ಕೆ ತುಸು ಮುಂಚೆಯೇ ಒಂದು ಮಸುಕಾದ ಸದ್ದು ಹರಡಿಕೊಳ್ಳುತ್ತದೆ. ಆ ಎಂಪಿ3ಯನ್ನು ಮತ್ತೆ 320 ಕೆಬಿಪಿಎಸ್‌ಗೆ ಏರಿಸಿದರೆ ಕಡತ 144 ಎಂಬಿಯಷ್ಟು ದಪ್ಪವಾದೀತೇ ಹೊರತು ಕಳೆದುಹೋದ ನಾದ ಮರಳುವುದಿಲ್ಲ. ಒಮ್ಮೆ ಎಂಪಿ3 ಮಾಡಿ ಮೂಲವನ್ನು ಅಳಿಸಿಬಿಡುವ ಮನೆಗಳು ಎಷ್ಟೋ ಇರುವಾಗ, ಇವೆರಡು ಕೆಲಸಗಳ ನಡುವಿನ ಗೆರೆಯನ್ನು ಭಾಷೆಯೇ ತೋರಿಸಿಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಪದಗಳ ವಿಚಾರ. ‘ರೂಪಾಂತರ’ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ, ಆದರೆ ಕಾದಂಬರಿ ನಾಟಕವಾಗುವುದಕ್ಕೂ ಅದೇ ಪದ. ಕೋವಿಡ್ ಕಾಲದಲ್ಲಿ ‘ರೂಪಾಂತರಿ’ ಎಂಬುದು ವೈರಾಣುವಿಗೂ ಅಂಟಿಕೊಂಡಿತು. ವಸ್ತುವೇ ಮಾರ್ಪಡುವ ಅರ್ಥಚ್ಛಾಯೆ ಅದರಲ್ಲಿ ಇರುವುದರಿಂದ ಎರಡನೆಯ ಕೆಲಸಕ್ಕೆ ಒಪ್ಪಬಹುದು, ಮೊದಲನೆಯದಕ್ಕೆ ಖಂಡಿತ ಒಪ್ಪದು. ‘ಮರುಸಂಕೇತನ’ ಹೆಚ್ಚು ಖಚಿತವಾಗಿದೆ, ಆದರೂ ‘ಸಂಕೇತ’ ಎಂದೊಡನೆ ಓದುಗರು ಗುಪ್ತಲಿಪಿಯನ್ನೋ ಪಾಸ್‌ವರ್ಡನ್ನೋ ನೆನೆಯುವ ಅಪಾಯವಿದೆ. ‘ಕುಗ್ಗಿಸು’ ಎಂಬ ಸೊಗಸಾದ ಕ್ರಿಯಾಪದ ನಷ್ಟದ ಸುಳಿವನ್ನೇ ಕೊಡುವುದಿಲ್ಲ. ಜಿಪ್ ಕಡತವನ್ನೂ ಎಫ್‌ಎಲ್‌ಎಸಿ ಧ್ವನಿಯನ್ನೂ ನಾವು ಕುಗ್ಗಿಸುತ್ತೇವೆ, ಅಲ್ಲಿ ಏನೂ ಕಳೆಯುವುದಿಲ್ಲ. ಹೊರಕವಚಕ್ಕೆ ‘ಧಾರಕ’ ಎನ್ನಬಹುದಿತ್ತು, ಆದರೆ ಭೌತವಿಜ್ಞಾನದ ಪಠ್ಯಗಳಲ್ಲಿ ಅದು ಕೆಪಾಸಿಟರಿಗೆ ಸಂದಿದೆ.

‘ಫಾರ್ಮ್ಯಾಟ್’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕಾಗಿದೆ. ‘ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡು’ ಎಂದರೆ ಜನಬಳಕೆಯಲ್ಲಿ ಎಲ್ಲವನ್ನೂ ಅಳಿಸು ಎಂದೇ ಅರ್ಥ. ಆದ್ದರಿಂದ ‘ವಿಡಿಯೊವನ್ನು ಎಂಪಿ4ಗೆ ಫಾರ್ಮ್ಯಾಟ್ ಮಾಡಿ’ ಎಂಬಂತಹ ವಾಕ್ಯವನ್ನು ಕೈಪಿಡಿಯಲ್ಲಿ ಬರೆಯುವುದು ಸರ್ವಥಾ ಸಲ್ಲದು. ‘ನಮೂನೆ’ ಎಂದರೆ ಸರ್ಕಾರಿ ಕಚೇರಿಯ ಅರ್ಜಿ ಮನಸ್ಸಿಗೆ ಬರುತ್ತದೆ. ಕಡತದ ಹೆಸರಿನ ಕೊನೆಯ ಮೂರಕ್ಷರವನ್ನು ತಿದ್ದಿದರೆ ಫಾರ್ಮ್ಯಾಟೇ ಬದಲಾಯಿತು ಎಂದು ನಂಬಿದವರೂ ಇದ್ದಾರೆ. ಅದಕ್ಕೆ ‘ಹೆಸರು ಬದಲಿಸುವುದು’ ಎಂಬ ಸರಳ ಮಾತೇ ಸಾಕು.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ಹೀಗೆ: ಎರಡಕ್ಕೂ ಒಟ್ಟಾಗಿ ‘ಪರಿವರ್ತಿಸು’, ಮೊದಲನೆಯದಕ್ಕೆ ‘ಕವಚ ಬದಲಿಸು’, ಎರಡನೆಯದಕ್ಕೆ ‘ಮರುಸಂಕೇತಿಸು’. ಕೈಪಿಡಿಯ ಸೂಚನೆಗಳಿಗೆ ನಾಮಪದಕ್ಕಿಂತ ಕ್ರಿಯಾಪದ ಮುಖ್ಯವಾದ್ದರಿಂದ, ‘ಕವಚ ಬದಲಿಸಿ, ಸಾಧ್ಯವಾಗದಿದ್ದರೆ ಮಾತ್ರ ಮರುಸಂಕೇತಿಸಿ’ ಎಂಬ ವಾಕ್ಯ ಸರಾಗವಾಗಿ ಓದಿಸಿಕೊಳ್ಳುವುದೇ ಎಂಬುದನ್ನು ತಾವು ಪರಿಶೀಲಿಸಬೇಕಾಗಿ ಕೋರುತ್ತೇನೆ. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ‘ಹಾಡು ಹಾಕಿಸು’, ‘ತುಂಬಿಸು’ ಎನ್ನುವಂತೆ, ಧ್ವನಿಮುದ್ರಣ ಕೊಠಡಿಗಳಲ್ಲಿ ಮತ್ತು ಆಕಾಶವಾಣಿಯಲ್ಲಿ ದುಡಿದವರು ಸ್ಪೂಲ್ ಟೇಪಿನ ಧ್ವನಿಯನ್ನು ಕಂಪ್ಯೂಟರಿಗೆ ತರುವಾಗ, ಆಮೇಲೆ ಅದರಿಂದ ಚಿಕ್ಕ ಪ್ರತಿ ಮಾಡುವಾಗ ಯಾವ ಕನ್ನಡ ಕ್ರಿಯಾಪದಗಳನ್ನು ಬಳಸುತ್ತಿದ್ದರು? ಬಲ್ಲವರು ಬಳಕೆಯ ವಾಕ್ಯದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.