ದೊಡ್ಡಪ್ಪ ಕಳಿಸಿದ ಎರಡು ಫೋಟೋ

ಬೆಳಿಗ್ಗೆ ಆರಕ್ಕೆ ದೊಡ್ಡಪ್ಪ ನಮ್ಮ ಮನೆಯ ಗುಂಪಿಗೆ ಎರಡು ಫೋಟೋ ಹಾಕಿದರು. ಒಂದರಲ್ಲಿ ಕ್ಯೂಬಾ ದೇಶದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪಕ್ಕ ಒಬ್ಬ ನಿಂತಿದ್ದಾನೆ. ಇನ್ನೊಂದರಲ್ಲಿ ಅವನಿಲ್ಲ. ಕೆಳಗೆ, "ಗೆಳೆಯನನ್ನೇ ಕೊಲ್ಲಿಸಿ ಫೋಟೋದಿಂದಲೂ ಅಳಿಸಿದ! ಎಲ್ಲರಿಗೂ ಕಳಿಸಿ."

ದೊಡ್ಡಪ್ಪ: ಈ ಕಾಲದಲ್ಲಿ ಯಾರನ್ನೂ ನಂಬಬಾರದು ಮಕ್ಕಳೇ.

ವಿನಯ್: ಯಾರು ಹೇಳಿದ್ದು ದೊಡ್ಡಪ್ಪ? ಆಧಾರ ಕೊಡಿ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ರಸೀದಿ ಬೇಕು. ಸೈಟಿನ ವಿಷಯದಲ್ಲೂ ಹೀಗೇ ಮಾಡಿದೆ.

ನಾನು ಕೂತು ಬರೆದೆ. ಅಳಿಸಿದ್ದು ನಿಜ, ಕೊಲ್ಲಿಸಿದ್ದು ಸುಳ್ಳು. ಅವರು ಕಾರ್ಲೋಸ್ ಫ್ರಾಂಕಿ. ಕ್ಯೂಬಾದ ಸಿಯೆರಾ ಮಾಯೆಸ್ತ್ರಾ ಬೆಟ್ಟದಲ್ಲಿ ಕ್ಯಾಸ್ಟ್ರೋ ಕಡೆಯ ಬಂಡುಕೋರರ ರೇಡಿಯೋ ನಡೆಸಿದವರು, 'ರೆವೊಲೂಸಿಯೋನ್' ಪತ್ರಿಕೆಯ ಸಂಪಾದಕರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಕ್ಯಾಸ್ಟ್ರೋ ಸರಿ ಅಂದರು, ಇವರು ತಪ್ಪು ಅಂದರು. ಅದಾದ ಮೇಲೆ ಫೋಟೋದಿಂದ ಇವರನ್ನು ಅಳಿಸಿದರು. ಇಟಲಿಯಲ್ಲಿ ಬದುಕಿದರು, 2010ರಲ್ಲಿ ಪೋರ್ಟೊ ರಿಕೊದಲ್ಲಿ ತೀರಿಕೊಂಡರು. ಬೆಟ್ಟದಲ್ಲಿದ್ದಾಗ ಬಂಡುಕೋರರು ಒಬ್ಬರಿಗೊಬ್ಬರು ಬರೆದ ಪತ್ರಗಳನ್ನು ಸೇರಿಸಿ ಪುಸ್ತಕ ಮಾಡಿದರು. ಅವರು ಕೂಡಿಟ್ಟ ಕಾಗದಪತ್ರ ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ. ಫೋಟೋ ತಿದ್ದಬಹುದು, ಅಷ್ಟು ಕಾಗದ ಹೇಗೆ ತಿದ್ದುತ್ತಾರೆ?

ಯಾರೂ ಓದಲಿಲ್ಲ.

ಸುಮಕ್ಕ: ರೇಡಿಯೋ ಅಂದ್ರೆ ನೆನಪಾಯ್ತು, ಅಜ್ಜನ ಮರ್ಫಿ! ಪ್ರದೇಶ ಸಮಾಚಾರ ಬಂದ್ರೆ ಯಾರೂ ಉಸಿರೆತ್ತೋ ಹಾಗಿರಲಿಲ್ಲ ಅಲ್ವಾ?

ವಿನಯ್: ಅಜ್ಜನ ಕಾಗದದ ಟ್ರಂಕು ಗುಜರಿಗೆ ಹಾಕಿದ್ದು ಯಾರು ಅಂತಾನೂ ನೆನಪಿದೆ.

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು. ಸುಮ್ನೆ ಕೆದಕಬೇಡ.

ಆ ಟ್ರಂಕಿನಲ್ಲಿ ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳಿದ್ದವು, ಕಟ್ಟುಗಟ್ಟಲೆ ಇನ್‌ಲ್ಯಾಂಡ್ ಪತ್ರಗಳಿದ್ದವು. ಗೆದ್ದಲು ತಿಂದು ಬಿಟ್ಟಿದ್ದಾದರೂ ನಮಗೆ ಉಳಿಯುತ್ತಿತ್ತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ಸರಳತ್ತೆ ಬರೆದರು. ಹಬ್ಬಕ್ಕೂ ಒಂದು ಮಾತು ಬರೆಯದವರು.

"ಅಣ್ಣಾ, ನಾನು ಬೇರೆ ಜಾತಿಯವರನ್ನು ಮದುವೆಯಾದೆ ಅಂತ ಮನೆಯ ಗ್ರೂಪ್ ಫೋಟೋದಿಂದ ನನ್ನನ್ನು ಕತ್ತರಿಸಿ ಕಟ್ಟು ಹಾಕಿಸಿದ್ರಿ. ಆ ತುಂಡನ್ನು ಅಮ್ಮ ಎತ್ತಿಟ್ಟು ನನಗೆ ಕೊಟ್ಟಿದ್ದಳು. ನನ್ನ ಬೀರುವಿನಲ್ಲಿದೆ."

ಅದರ ಹಿಂದೆಯೇ ತುಂಡಿನ ಫೋಟೋ ಬಂತು. ಅಂಚು ವಾರೆವಾರೆಯಾಗಿ ಕತ್ತರಿಸಿದೆ. ಎರಡು ಜಡೆ, ಲಂಗ ದಾವಣಿ, ನಗುಮುಖ. ದೊಡ್ಡದು ಮಾಡಿ ನೋಡಿದೆ. ಅತ್ತೆಯ ಹೆಗಲ ಮೇಲೆ ನಾಲ್ಕು ಬೆರಳು ಉಳಿದಿವೆ. ಒಂದರಲ್ಲಿ ದೊಡ್ಡಪ್ಪನ ಹವಳದ ಉಂಗುರ.